ಪಾಲಿಮರ್ ಲೇಪಿತ ಪೊರೆಯಿಂದ ಪ್ರೋಟೀನ್ ಶುದ್ಧೀಕರಣ: ತಯಾರಿಕೆ, ಅಳತೆ, ಬಳಕೆ

ಜೈವಿಕ ಅಣುಗಳ ಶುದ್ಧೀಕರಣಕ್ಕೆ ಬಳಸುವ ಲೇಪಿತ ಪೊರೆಯನ್ನು ಮೊದಲ ಸಲ ಕೈಗೆತ್ತಿಕೊಂಡವರು ಅದನ್ನು ಬಹಳ ಸೂಕ್ಷ್ಮವಾದ ಜರಡಿ ಎಂದೇ ತಿಳಿಯುತ್ತಾರೆ. ಆ ತಿಳಿವಳಿಕೆಯಿಂದ ಹೊರಟರೆ ಮುಂದಿನ ಪ್ರತಿ ಹೆಜ್ಜೆಯೂ ತಪ್ಪುತ್ತದೆ. ಇಂತಹ ಪೊರೆಯ ರಂಧ್ರದ ವ್ಯಾಸ ಸಾಮಾನ್ಯವಾಗಿ ಅರ್ಧ ಮೈಕ್ರೋಮೀಟರಿನಿಂದ ಕೆಲವು ಮೈಕ್ರೋಮೀಟರಿನವರೆಗೆ ಇರುತ್ತದೆ. ಹಸುವಿನ ರಕ್ತದ ಅಲ್ಬುಮಿನ್, ಅಂದರೆ ಪ್ರಯೋಗಾಲಯಗಳಲ್ಲಿ ಎಲ್ಲರೂ ಬಿಎಸ್‌ಎ ಎಂದು ಕರೆಯುವ ಪ್ರೋಟೀನು, ಸುಮಾರು 7 ನ್ಯಾನೋಮೀಟರ್ ಅಗಲದ್ದು. 1 ಮೈಕ್ರೋಮೀಟರ್ ಅಗಲದ ರಂಧ್ರದಲ್ಲಿ ಅಂತಹ ನೂರ ನಲವತ್ತು ಅಣುಗಳು ಅಕ್ಕಪಕ್ಕ ಸಾಲಾಗಿ ನಿಲ್ಲಬಹುದು. ಬಾಗಿಲು ಅಷ್ಟು ವಿಶಾಲವಾಗಿರುವಾಗ ಗಾತ್ರ ನೋಡಿ ಯಾರನ್ನೂ ತಡೆಯಲಾಗದು. ತಡೆಯುವುದು ರಂಧ್ರದ ಗೋಡೆಗೆ ಕೂರಿಸಿದ ಪಾಲಿಮರ್ ಲೇಪನ, ಆ ಲೇಪನದಲ್ಲಿರುವ ವಿದ್ಯುದಾವೇಶ. ಹಾಗಾಗಿ ಇದನ್ನು ಜರಡಿ ಎನ್ನುವುದಕ್ಕಿಂತ ಸುಂಕದ ಕಟ್ಟೆ ಎನ್ನುವುದು ಸರಿ: ದಾರಿ ಎಲ್ಲರಿಗೂ ತೆರೆದಿದೆ, ಆದರೆ ಕಟ್ಟೆಯ ಮೇಲೆ ಕುಳಿತವರು ತಮಗೆ ಬೇಕಾದವರನ್ನು ಮಾತ್ರ ಕೈಹಿಡಿದು ನಿಲ್ಲಿಸಿಕೊಳ್ಳುತ್ತಾರೆ.

ಈ ಬರಹದಲ್ಲಿ ಕಾಲೇಜಿನ ಸಾಧಾರಣ ಪ್ರಯೋಗಾಲಯದಲ್ಲಿ ಸಾಧ್ಯವಾಗುವ ರೀತಿಯಲ್ಲಿ ಒಂದು ಧನಾವೇಶದ ಪೊರೆಯನ್ನು ತಯಾರಿಸುವುದು, ಅದರ ಲೇಪನವನ್ನು ಅಳೆಯುವುದು, ಅದು ಎಷ್ಟು ಪ್ರೋಟೀನನ್ನು ಹಿಡಿಯುತ್ತದೆ ಎಂದು ಪರೀಕ್ಷಿಸುವುದು ಮತ್ತು ನಿಜವಾದ ಶುದ್ಧೀಕರಣಕ್ಕೆ ಹಚ್ಚುವುದು ಹೇಗೆಂದು ವಿವರಿಸಲಾಗಿದೆ. ಸಿದ್ಧ ಪೊರೆಯನ್ನು ಕೊಂಡು ಬಳಸುವವರು ತಯಾರಿಕೆಯ ಭಾಗವನ್ನು ಬಿಟ್ಟು ಮುಂದೆ ಓದಬಹುದು. ಅಳತೆಯ ಭಾಗವನ್ನು ಮಾತ್ರ ಯಾರೂ ಬಿಡಬಾರದು.

ಮಣಿಗಳ ಕಾಲಮ್ ಇರುವಾಗ ಪೊರೆ ಏಕೆ

ಸಾಂಪ್ರದಾಯಿಕ ಕ್ರೊಮಾಟೋಗ್ರಫಿಯಲ್ಲಿ, ಅಂದರೆ ಮಿಶ್ರಣದ ಅಣುಗಳನ್ನು ಬೇರ್ಪಡಿಸುವ ವಿಧಾನದಲ್ಲಿ, ಅಗರೋಸ್‌ನಂತಹ ವಸ್ತುವಿನ ಮಣಿಗಳನ್ನು ಕಾಲಮ್ ಎಂಬ ಕೊಳವೆಗೆ ತುಂಬುತ್ತಾರೆ. ಮಣಿಯ ವ್ಯಾಸ ಸುಮಾರು 90 ಮೈಕ್ರೋಮೀಟರ್ ಎಂದುಕೊಳ್ಳೋಣ. ದ್ರವ ಮಣಿಗಳ ನಡುವಿನ ಸಂದುಗಳಲ್ಲಿ ಹರಿದುಹೋಗುತ್ತದೆ, ಆದರೆ ಪ್ರೋಟೀನನ್ನು ಹಿಡಿಯುವ ಜಾಗವೆಲ್ಲ ಮಣಿಯ ಒಳಗಿನ ಸಣ್ಣ ರಂಧ್ರಗಳಲ್ಲಿದೆ. ಅಲ್ಲಿಗೆ ಪ್ರೋಟೀನು ಹರಿವಿನೊಂದಿಗೆ ಹೋಗುವುದಿಲ್ಲ, ವಿಸರಣೆಯಿಂದ ತಾನಾಗಿಯೇ ತೂರಿಕೊಂಡು ಹೋಗಬೇಕು. ಬಿಎಸ್‌ಎಯ ವಿಸರಣಾ ಗುಣಾಂಕ ನೀರಿನಲ್ಲಿ ಸೆಕೆಂಡಿಗೆ ಸುಮಾರು 60 ಚದರ ಮೈಕ್ರೋಮೀಟರ್. ಮಣಿಯ ಅಂಚಿನಿಂದ ಕೇಂದ್ರದವರೆಗಿನ 45 ಮೈಕ್ರೋಮೀಟರ್ ದೂರವನ್ನು ಕ್ರಮಿಸಲು ತೆರೆದ ನೀರಿನಲ್ಲಿಯೇ ಹದಿನೇಳು ಸೆಕೆಂಡುಗಳಷ್ಟು ಬೇಕು. ಇಕ್ಕಟ್ಟಾದ ರಂಧ್ರದಲ್ಲಿ ಚಲನೆ ಹತ್ತು ಪಟ್ಟು ನಿಧಾನವಾದರೆ ಅದು ಮೂರು ನಿಮಿಷದ ಹತ್ತಿರಕ್ಕೆ ಬರುತ್ತದೆ. ಕಾಲಮ್‌ನಲ್ಲಿ ದ್ರವವನ್ನು ನಾಲ್ಕೈದು ನಿಮಿಷ ನಿಲ್ಲುವಂತೆ ನಿಧಾನವಾಗಿ ಹರಿಸುವುದಕ್ಕೆ ಮುಖ್ಯ ಕಾರಣ ಇದೇ.

ಪೊರೆಯಲ್ಲಿ ಹರಿವೇ ಪ್ರೋಟೀನನ್ನು ರಂಧ್ರದೊಳಕ್ಕೆ ಕರೆದೊಯ್ಯುತ್ತದೆ. ರಂಧ್ರದ ನಡುವಿನಿಂದ ಗೋಡೆಗೆ ಇರುವ ಅರ್ಧ ಮೈಕ್ರೋಮೀಟರ್ ದೂರವನ್ನಷ್ಟೇ ವಿಸರಣೆಯಿಂದ ದಾಟಬೇಕು, ಅದಕ್ಕೆ ಬೇಕಾದದ್ದು ಸುಮಾರು 2 ಮಿಲಿಸೆಕೆಂಡು. ಆದ್ದರಿಂದ ಪೊರೆಯ ಗಾತ್ರದ ಹತ್ತು ಅಥವಾ ಇಪ್ಪತ್ತು ಪಟ್ಟು ದ್ರವವನ್ನು ಒಂದೇ ನಿಮಿಷದಲ್ಲಿ ಹರಿಸಿದರೂ ಹಿಡಿತ ಸಡಿಲುವುದಿಲ್ಲ. ಪ್ಲಾಸ್ಮಿಡ್ ಡಿಎನ್‌ಎ ಮತ್ತು ವೈರಸ್ ಕಣಗಳ ವಿಷಯದಲ್ಲಿ ಈ ಅನುಕೂಲ ಇನ್ನೂ ದೊಡ್ಡದು. ಸುಮಾರು 90 ನ್ಯಾನೋಮೀಟರಿನ ಅಡೆನೋವೈರಸ್ ಸಾಮಾನ್ಯ ಮಣಿಯ ಒಳರಂಧ್ರಗಳಿಗೆ ಹೋಗಲಾರದೆ ಹೊರಮೈಗಷ್ಟೇ ಅಂಟಿಕೊಳ್ಳುತ್ತದೆ, ಮಣಿಯ ಒಳಗಿನ ಜಾಗವೆಲ್ಲ ವ್ಯರ್ಥವಾಗುತ್ತದೆ.

ಆದರೆ ಪೊರೆಗೆ ಒಂದು ಕೊರತೆಯಿದೆ. ಮಣಿಗೆ ಹೋಲಿಸಿದರೆ ಅದರ ಒಳಗಿನ ಮೇಲ್ಮೈ ಬಹಳ ಕಡಿಮೆ. ಬರಿಯ ಗೋಡೆಯ ಮೇಲೆ ಪ್ರೋಟೀನು ಒಂದೇ ಪದರವಾಗಿ ಕುಳಿತರೆ ಹಿಡಿತ ತೀರಾ ಸ್ವಲ್ಪ. ಪಾಲಿಮರ್ ಲೇಪನ ಬೇಕಾಗುವುದು ಇಲ್ಲಿ. ಗೋಡೆಯಿಂದ ಹೊರಚಾಚಿದ ಪಾಲಿಮರ್ ಸರಪಳಿಗಳು ನೀರಿನಲ್ಲಿ ಉಬ್ಬಿ ಮೆದುವಾದ ಪದರವಾಗುತ್ತವೆ; ಪ್ರೋಟೀನು ಆ ಪದರದ ಮೇಲೆ ಮಾತ್ರವಲ್ಲ, ಅದರ ಆಳದಲ್ಲಿಯೂ ಕೂರುತ್ತದೆ. ಲೇಪನ ದಪ್ಪವಾದಷ್ಟೂ ಹಿಡಿತ ಹೆಚ್ಚು.

ಹಾಗಾದರೆ ಸಾಧ್ಯವಾದಷ್ಟು ದಪ್ಪ ಲೇಪಿಸಿದರಾಯಿತು ಎಂದುಕೊಳ್ಳುವವರು ಓಣಿಯ ಎರಡೂ ಬದಿಗೆ ಜಗಲಿ ಕಟ್ಟಿದಾಗ ಓಣಿಗೆ ಏನಾಗುತ್ತದೆ ಎಂದು ಯೋಚಿಸಬೇಕು. ಒಂದೇ ಒತ್ತಡದಲ್ಲಿ ಕೊಳವೆಯ ಮೂಲಕ ಹರಿಯುವ ದ್ರವದ ಪ್ರಮಾಣವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 1 ಮೈಕ್ರೋಮೀಟರ್ ರಂಧ್ರದ ಗೋಡೆಗೆ ಸುತ್ತಲೂ 50 ನ್ಯಾನೋಮೀಟರ್ ಲೇಪನ ಕೂತರೆ ವ್ಯಾಸ 0.9 ಮೈಕ್ರೋಮೀಟರ್ ಆಗುತ್ತದೆ, ಹರಿವು ಮೊದಲಿನ 66 ಪ್ರತಿಶತಕ್ಕೆ ಇಳಿಯುತ್ತದೆ. ಲೇಪನ 100 ನ್ಯಾನೋಮೀಟರ್ ಆದರೆ ಉಳಿಯುವುದು 41 ಪ್ರತಿಶತ. ಹಿಡಿತ ಮತ್ತು ಹರಿವು ಒಂದನ್ನೊಂದು ಎಳೆಯುತ್ತವೆ, ಲೇಪಿತ ಪೊರೆಯ ಕೆಲಸವೆಲ್ಲ ಈ ಎಳೆದಾಟದ ನಡುವೆ ಹದ ಹುಡುಕುವುದೇ ಆಗಿದೆ.

ಆಧಾರದ ಪೊರೆ

ಮಾರುಕಟ್ಟೆಯ ಲೇಪಿತ ಪೊರೆಗಳು ಮುಖ್ಯವಾಗಿ ಪುನರುತ್ಪಾದಿತ ಸೆಲ್ಯುಲೋಸ್ ಮತ್ತು ಪಾಲಿಈಥರ್‌ಸಲ್ಫೋನ್ ಆಧಾರದ ಮೇಲೆ ತಯಾರಾಗುತ್ತವೆ. ಪಾಲಿಎಥಿಲೀನ್, ನೈಲಾನ್ ಆಧಾರಗಳೂ ಇವೆ. ಕೈಯಾರೆ ತಯಾರಿಸುವವರಿಗೆ ನನ್ನ ಸಲಹೆ ಪುನರುತ್ಪಾದಿತ ಸೆಲ್ಯುಲೋಸ್. ಅದರ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿರುವುದರಿಂದ ರಾಸಾಯನಿಕವಾಗಿ ಲೇಪನವನ್ನು ಬೆಸೆಯುವುದು ಸುಲಭ, ಮತ್ತು ನೀರನ್ನು ಪ್ರೀತಿಸುವ ಸ್ವಭಾವದಿಂದಾಗಿ ಪ್ರೋಟೀನು ಬೇಡದ ಕಡೆ ಅಂಟಿಕೊಳ್ಳುವುದು ಕಡಿಮೆ. ಪಾಲಿಈಥರ್‌ಸಲ್ಫೋನ್ ಕ್ಷಾರಕ್ಕೆ ಹೆಚ್ಚು ಗಟ್ಟಿ, ಆದರೆ ಅದರ ಮೇಲೆ ಬೆಸುಗೆಗೆ ಸುಲಭವಾದ ಗುಂಪುಗಳಿಲ್ಲ. ಪಿವಿಡಿಎಫ್ ಎಂಬ ಫ್ಲೋರಿನ್ ಇರುವ ಪ್ಲಾಸ್ಟಿಕ್ಕಿನ ಪೊರೆ ಗಟ್ಟಿಯಾದ ಕ್ಷಾರದಲ್ಲಿ ಹೈಡ್ರೋಜನ್ ಫ್ಲೋರೈಡನ್ನು ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ, ಆದ್ದರಿಂದ ಮುಂದೆ ಸೋಡಿಯಂ ಹೈಡ್ರಾಕ್ಸೈಡಿನಿಂದ ತೊಳೆಯುವ ಯೋಚನೆಯಿದ್ದರೆ ಅದು ಬೇಡ.

ಖರೀದಿಸುವಾಗ ಒಂದು ಎಚ್ಚರಿಕೆ ಅಗತ್ಯ. ಸೆಲ್ಯುಲೋಸ್ ಎಂಬ ಹೆಸರಿನಲ್ಲಿ ಸೆಲ್ಯುಲೋಸ್ ಅಸಿಟೇಟ್ ಮತ್ತು ಸೆಲ್ಯುಲೋಸ್ ನೈಟ್ರೇಟ್ ಪೊರೆಗಳೂ ಸಿಗುತ್ತವೆ, ಅಂಗಡಿಯ ಬಿಲ್ಲಿನಲ್ಲಿ ಮೂರೂ ಒಂದೇ ರೀತಿ ನಮೂದಾಗುವುದುಂಟು. ಅವೆರಡೂ ಕ್ಷಾರದಲ್ಲಿ ಬಾಳುವುದಿಲ್ಲ. ನಾನು ಒಮ್ಮೆ ಹೆಸರಿನ ಮೊದಲರ್ಧವನ್ನಷ್ಟೇ ಓದಿ ತರಿಸಿಕೊಂಡು, ಎಂಟು ಗಂಟೆಯ ಪ್ರಕ್ರಿಯೆಯ ಕೊನೆಯಲ್ಲಿ ಸುರುಟಿಕೊಂಡ ಪೊರೆಯ ಬಿಲ್ಲೆಗಳನ್ನು ಎಸೆದಿದ್ದೇನೆ. ಪೆಟ್ಟಿಗೆಯ ಮೇಲೆ ಪುನರುತ್ಪಾದಿತ ಸೆಲ್ಯುಲೋಸ್ ಎಂದು ಸ್ಪಷ್ಟವಾಗಿ ಇರಬೇಕು, ರಂಧ್ರದ ಅಳತೆ 1 ಮೈಕ್ರೋಮೀಟರ್ ಇದ್ದರೆ ಒಳ್ಳೆಯದು. 0.2 ಮೈಕ್ರೋಮೀಟರಿನದನ್ನು ಲೇಪನಕ್ಕೆ ಆರಿಸಬೇಡಿ. ಮೇಲಿನ ನಾಲ್ಕನೆಯ ಘಾತದ ಲೆಕ್ಕವನ್ನು ಅದಕ್ಕೆ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ.

ಲೇಪಿಸುವ ಮೊದಲು ಒಂದು ಅಳತೆ ಬರೆದಿಟ್ಟುಕೊಳ್ಳಬೇಕು. ಪ್ರತಿ ಬಿಲ್ಲೆಯನ್ನು ಹಿಡಿಕೆಯಲ್ಲಿ (ಪೊರೆಯನ್ನು ಬಿಗಿದು ದ್ರವ ಹಾಯಿಸುವ ಹೋಲ್ಡರ್) ಕೂರಿಸಿ, ಒಂದೇ ಒತ್ತಡದಲ್ಲಿ 50 ಮಿ.ಲೀ. ಶುದ್ಧ ನೀರು ಹಾದುಹೋಗಲು ಎಷ್ಟು ಸೆಕೆಂಡು ಬೇಕೆಂದು ಅಳೆಯಿರಿ. ನೀರಿನ ಉಷ್ಣತೆಯನ್ನೂ ಬರೆಯಿರಿ. 20 ಡಿಗ್ರಿಯಲ್ಲಿ 1.0 ಇರುವ ನೀರಿನ ಸ್ನಿಗ್ಧತೆ 30 ಡಿಗ್ರಿಯಲ್ಲಿ 0.8ಕ್ಕೆ ಇಳಿಯುತ್ತದೆ, ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಅಳತೆ ತೆಗೆದುಕೊಂಡರೆ ಪೊರೆಯಲ್ಲಿ ಏನೂ ಬದಲಾಗದಿದ್ದರೂ ಹರಿವು ಕಾಲುಭಾಗ ಹೆಚ್ಚಿದಂತೆ ಕಾಣುತ್ತದೆ.

ಲೇಪನ

ಇಲ್ಲಿ ಬಳಸುವ ಪಾಲಿಮರ್ ಕವಲೊಡೆದ ಪಾಲಿಎಥಿಲೀನ್‌ಇಮೀನ್, ಅಣುತೂಕ ಸುಮಾರು 25,000. ಅದರ ತುಂಬ ಅಮೀನ್ ಗುಂಪುಗಳಿದ್ದು, ತಟಸ್ಥ ಮತ್ತು ಸ್ವಲ್ಪ ಕ್ಷಾರೀಯ ಪಿಎಚ್‌ನಲ್ಲಿ ಧನಾವೇಶ ಹೊಂದುತ್ತವೆ. ಕೈಗಾರಿಕೆಯಲ್ಲಿ ಹೆಚ್ಚು ಪ್ರಚಲಿತವಾಗಿರುವುದು ಕ್ವಾಟರ್ನರಿ ಅಮೋನಿಯಂ ಗುಂಪಿನ ಪೊರೆ, ಅದನ್ನು ಚುಟುಕಾಗಿ ಕ್ಯೂ ಪೊರೆ ಎನ್ನುತ್ತಾರೆ. ಅದರ ಆವೇಶ ಪಿಎಚ್ ಬದಲಾದರೂ ಬದಲಾಗುವುದಿಲ್ಲ. ಋಣಾವೇಶದ ಸಲ್ಫೋನಿಕ್ ಗುಂಪಿನದನ್ನು ಎಸ್ ಪೊರೆ ಎನ್ನುತ್ತಾರೆ. ಗ್ಲೈಸಿಡಿಲ್ ಮೆಥಾಕ್ರಿಲೇಟನ್ನು ಗೋಡೆಯಿಂದಲೇ ಸರಪಳಿಯಾಗಿ ಬೆಳೆಸಿ ಆಮೇಲೆ ಈ ಗುಂಪುಗಳನ್ನು ಜೋಡಿಸುವ ವಿಧಾನವೂ ಇದೆ, ಫಲಿತಾಂಶವೂ ಉತ್ತಮ. ಆದರೆ ಅದಕ್ಕೆ ಆಮ್ಲಜನಕವಿಲ್ಲದ ವಾತಾವರಣ ಬೇಕು, ತಯಾರಿಕೆಯ ಒಂದು ಕಂತಿನಿಂದ (ಬ್ಯಾಚ್) ಇನ್ನೊಂದಕ್ಕೆ ದಪ್ಪ ಬದಲಾಗುತ್ತದೆ. ಮೊದಲ ಸಲಕ್ಕೆ ಸಿದ್ಧ ಪಾಲಿಮರನ್ನು ಬೆಸೆಯುವುದೇ ಸರಿ.

ಮೊದಲು ಸೆಲ್ಯುಲೋಸನ್ನು ಸಕ್ರಿಯಗೊಳಿಸಬೇಕು. 25 ಮಿ.ಮೀ. ವ್ಯಾಸದ ನಾಲ್ಕು ಬಿಲ್ಲೆಗಳನ್ನು ಅಗಲವಾದ ಗಾಜಿನ ಪಾತ್ರೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, 5 ಮಿ.ಲೀ. ಬ್ಯೂಟೇನ್‌ಡಯಾಲ್ ಡೈಗ್ಲೈಸಿಡಿಲ್ ಈಥರ್ ಮತ್ತು 5 ಮಿ.ಲೀ. 0.6 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಸೇರಿಸಿ. ಹೈಡ್ರಾಕ್ಸೈಡ್ ದ್ರಾವಣದಲ್ಲಿ ಪ್ರತಿ ಮಿ.ಲೀ.ಗೆ 2 ಮಿ.ಗ್ರಾಂ ಸೋಡಿಯಂ ಬೋರೋಹೈಡ್ರೈಡ್ ಕರಗಿರಬೇಕು, ಅದು ಸೆಲ್ಯುಲೋಸ್ ಉತ್ಕರ್ಷಣಗೊಳ್ಳದಂತೆ ಕಾಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಎಂಟು ಗಂಟೆ ಮೆಲ್ಲಗೆ ಅಲುಗಾಡಿಸುತ್ತಿರಬೇಕು. ಬೋರೋಹೈಡ್ರೈಡಿನಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಪಾತ್ರೆಯನ್ನು ಬಿಗಿಯಾಗಿ ಮುಚ್ಚಬಾರದು, ಹತ್ತಿರ ಬೆಂಕಿ ಇರಬಾರದು. ಡೈಗ್ಲೈಸಿಡಿಲ್ ಈಥರ್ ಚರ್ಮಕ್ಕೆ ತಾಗಿದರೆ ಉರಿಯಷ್ಟೇ ಅಲ್ಲ, ಕಾಲಕ್ರಮೇಣ ಅಲರ್ಜಿಗೂ ಕಾರಣವಾಗುತ್ತದೆ. ಹಾಗಾಗಿ ನೈಟ್ರೈಲ್ ಕೈಗವಸು ಮತ್ತು ಹೊಗೆಗೂಡು (ಫ್ಯೂಮ್ ಹುಡ್) ಎರಡೂ ಕಡ್ಡಾಯ.

ಈಥರ್ ನೀರಿನಲ್ಲಿ ಪೂರ್ತಿ ಬೆರೆಯದೆ ಹನಿಗಳಾಗಿ ಉಳಿಯುವುದರಿಂದ, ಬಿಲ್ಲೆಗಳನ್ನು ನೀರು, ಎಥನಾಲ್, ಮತ್ತೆ ನೀರು ಎಂಬ ಕ್ರಮದಲ್ಲಿ ಧಾರಾಳವಾಗಿ ತೊಳೆಯಿರಿ. ಈಗ ಗೋಡೆಯ ಮೇಲೆ ಎಪಾಕ್ಸಿ ಗುಂಪುಗಳು ಅಮೀನಿಗಾಗಿ ಕಾದಿರುತ್ತವೆ. ಅವು ನೀರಿನಲ್ಲಿ ನಿಧಾನವಾಗಿ ನಿಷ್ಕ್ರಿಯವಾಗುತ್ತವೆ, ಆದ್ದರಿಂದ ಮುಂದಿನ ಹೆಜ್ಜೆಯನ್ನು ಅದೇ ದಿನ ಮಾಡಬೇಕು: 0.1 ಮೋಲಾರ್ ಕಾರ್ಬೊನೇಟ್ ಬಫರಿನಲ್ಲಿ (ಪಿಎಚ್ ಅನ್ನು ಸ್ಥಿರವಾಗಿಡುವ ದ್ರಾವಣ) ಕರಗಿಸಿದ ಪಾಲಿಎಥಿಲೀನ್‌ಇಮೀನ್ ದ್ರಾವಣದ ಪಿಎಚ್ ಅನ್ನು 10.5ರ ಸುತ್ತ ಹೊಂದಿಸಿ, ಬಿಲ್ಲೆಗಳನ್ನು ಅದರಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಪಿಎಚ್ ಇಷ್ಟು ಎತ್ತರದಲ್ಲಿರಬೇಕಾದದ್ದು ಏಕೆಂದರೆ, ಪ್ರೋಟಾನ್ ಹೊತ್ತ ಅಮೀನು ಎಪಾಕ್ಸಿಯೊಂದಿಗೆ ಬೆಸೆಯಲಾರದು.

ಪಾಲಿಮರಿನ ಪ್ರಮಾಣವನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದಕ್ಕೆ ನನಗೆ ಮನಸ್ಸಿಲ್ಲ. ಆಧಾರದ ಪೊರೆ, ಪಾಲಿಮರಿನ ಕಂತು, ಅಲುಗಾಡಿಸುವ ರೀತಿ ಎಲ್ಲವೂ ದಪ್ಪವನ್ನು ಬದಲಿಸುತ್ತವೆ. 0.5, 1 ಮತ್ತು 5 ಪ್ರತಿಶತದ ಮೂರು ದ್ರಾವಣಗಳಲ್ಲಿ ಮೂರು ಕಂತುಗಳನ್ನು ಒಟ್ಟಿಗೆ ತಯಾರಿಸಿ, ಹಿಡಿತ ಮತ್ತು ಹರಿವನ್ನು ಅಳೆದ ಮೇಲೆ ಆರಿಸಿಕೊಳ್ಳುವುದು ನ್ಯಾಯ. ಮೂರೂ ತೆಳುವಾದವು ಎನಿಸಿದರೆ ದುರ್ಬಲವಾದ ಡೈಗ್ಲೈಸಿಡಿಲ್ ಈಥರ್ ದ್ರಾವಣ ಮತ್ತು ಪಾಲಿಮರ್ ದ್ರಾವಣದಲ್ಲಿ ಇನ್ನೊಂದು ಸುತ್ತು ಮುಳುಗಿಸಿ ಎರಡನೆಯ ಪದರವನ್ನು ಕಟ್ಟಬಹುದು. ಕಟ್ಟುವುದು ಸುಲಭ, ಕಟ್ಟಿದ್ದನ್ನು ತೆಗೆಯುವುದು ಅಸಾಧ್ಯ.

ಕೊನೆಗೆ ಉಳಿದ ಎಪಾಕ್ಸಿಗಳನ್ನು ಮುಚ್ಚಲು 1 ಮೋಲಾರ್ ಎಥನಾಲಮೀನ್ ದ್ರಾವಣದಲ್ಲಿ, ಪಿಎಚ್ 9ರಲ್ಲಿ, ನಾಲ್ಕು ಗಂಟೆ ಇರಿಸಿ. ಬಳಿಕ 1 ಮೋಲಾರ್ ಉಪ್ಪಿನ ದ್ರಾವಣ, 0.1 ಮೋಲಾರ್ ಅಸಿಟಿಕ್ ಆಮ್ಲ, ನೀರು ಇವುಗಳಲ್ಲಿ ಸರದಿಯಂತೆ ಹಲವು ಸಲ ತೊಳೆಯಿರಿ. ಬೆಸೆದುಕೊಳ್ಳದೆ ಸುಮ್ಮನೆ ಅಂಟಿಕೊಂಡಿರುವ ಪಾಲಿಮರ್ ಇಲ್ಲಿ ಹೋಗದಿದ್ದರೆ ಮುಂದೆ ನಿಮ್ಮ ಪ್ರೋಟೀನಿನೊಂದಿಗೆ ಹೋಗುತ್ತದೆ. ಕೊನೆಯ ತೊಳೆನೀರಿಗೆ ತಾಮ್ರದ ಸಲ್ಫೇಟ್ ಸೇರಿಸಿ ನೋಡುವುದು ಸರಳ ಪರೀಕ್ಷೆ: ಪಾಲಿಎಥಿಲೀನ್‌ಇಮೀನ್ ತಾಮ್ರದೊಂದಿಗೆ ಗಾಢನೀಲಿ ಸಂಯುಕ್ತವಾಗುತ್ತದೆ, ಅದನ್ನು 630 ನ್ಯಾನೋಮೀಟರ್ ಸುತ್ತಲಿನ ತರಂಗಾಂತರದ ಬೆಳಕಿನಲ್ಲಿ ಅಳೆಯಬಹುದು. ಬರಿಯ ನೀರಿಗೆ ಅಷ್ಟೇ ತಾಮ್ರ ಸೇರಿಸಿದಾಗ ಬರುವ ಓದಿಗಿಂತ ಇದು ಹೆಚ್ಚಿದ್ದರೆ ತೊಳೆಯುವುದನ್ನು ಮುಂದುವರಿಸಬೇಕು.

ಲೇಪನವನ್ನು ಅಳೆಯುವುದು

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ನೋಡಲು ಚೆಂದ. ಆದರೆ ಅದು ಒಣಗಿದ ಪೊರೆಯದ್ದು, ಒಣಗಿದಾಗ ಲೇಪನ ಕುಸಿದು ಗೋಡೆಗೆ ಅಂಟಿರುತ್ತದೆ. ನೀರಿನಲ್ಲಿ ಉಬ್ಬಿದ ಪದರ ಹೇಗಿದೆ ಎಂದು ತಿಳಿಯಲು ಹರಿವಿನ ಅಳತೆಯೇ ಹೆಚ್ಚು ಪ್ರಾಮಾಣಿಕ ಸಾಕ್ಷಿ.

ಲೇಪನಕ್ಕೆ ಮೊದಲು 50 ಮಿ.ಲೀ. ನೀರು ಹಾಯಲು 60 ಸೆಕೆಂಡು, ಲೇಪನದ ನಂತರ ಅದೇ ಒತ್ತಡ ಮತ್ತು ಉಷ್ಣತೆಯಲ್ಲಿ 91 ಸೆಕೆಂಡು ಬೇಕಾಯಿತು ಎಂದು ಇಟ್ಟುಕೊಳ್ಳೋಣ. ಹರಿವಿನ ಅನುಪಾತ 0.66, ಅದರ ನಾಲ್ಕನೆಯ ಮೂಲ 0.90. ಅಂದರೆ ರಂಧ್ರದ ವ್ಯಾಸ ಹತ್ತನೆಯ ಒಂದು ಭಾಗ ಕುಗ್ಗಿದೆ, 1 ಮೈಕ್ರೋಮೀಟರಿನ ರಂಧ್ರವಾದರೆ ಲೇಪನ ಸುಮಾರು 50 ನ್ಯಾನೋಮೀಟರ್. ಸೆಲ್ಯುಲೋಸ್ ಪೊರೆಯ ರಂಧ್ರಗಳು ನೆಟ್ಟನೆಯ ಕೊಳವೆಗಳಲ್ಲ, ಸ್ಪಂಜಿನಂತೆ ಒಂದರೊಳಗೊಂದು ಸೇರಿಕೊಂಡ ಪೊಳ್ಳುಗಳು. ಆದ್ದರಿಂದ ಈ ಸಂಖ್ಯೆಯನ್ನು ನಿಜವಾದ ದಪ್ಪವೆಂದು ಪ್ರಕಟಿಸಲಾಗದು. ಒಂದು ಕಂತನ್ನು ಇನ್ನೊಂದರೊಂದಿಗೆ ಹೋಲಿಸಲು ಮಾತ್ರ ಇದು ಸಾಕು.

ಇದಾದ ಮೇಲೆ ಅದೇ ಅಳತೆಯನ್ನು 1 ಮೋಲಾರ್ ಉಪ್ಪಿನ ದ್ರಾವಣದಲ್ಲಿ ಮಾಡಿ. ಉಪ್ಪುನೀರು ಬರಿಯ ನೀರಿಗಿಂತ ಸುಮಾರು 9 ಪ್ರತಿಶತ ಮಂದವಾಗಿರುವುದರಿಂದ ನಿಧಾನವಾಗಿ ಹರಿಯಬೇಕಿತ್ತು. ಆದರೆ ಚೆನ್ನಾಗಿ ಲೇಪಿತವಾದ ಪೊರೆಯಲ್ಲಿ ಅದು ಬೇಗ ಹರಿಯುತ್ತದೆ. ಬರಿಯ ನೀರಿನಲ್ಲಿ ಸರಪಳಿಯ ಧನಾವೇಶಗಳು ಒಂದನ್ನೊಂದು ದೂಡಿ ಪದರವನ್ನು ಉಬ್ಬಿಸಿರುತ್ತವೆ, ಉಪ್ಪಿನ ಅಯಾನುಗಳು ನಡುವೆ ಬಂದಾಗ ಆ ದೂಡಾಟ ಮರೆಯಾಗಿ ಪದರ ಕುಗ್ಗುತ್ತದೆ, ರಂಧ್ರ ತೆರೆದುಕೊಳ್ಳುತ್ತದೆ. ಉಪ್ಪು ಹಾಕಿದರೂ ಹರಿವು ಹೆಚ್ಚದಿದ್ದರೆ ಲೇಪನ ತೀರಾ ತೆಳುವಾಗಿದೆ, ಇಲ್ಲವೇ ಅಡ್ಡಬೆಸುಗೆ ಹೆಚ್ಚಾಗಿ ಪದರ ಬಿರುಸಾಗಿದೆ. ಪ್ರೋಟೀನ್ ಒಳಹೋಗಲು ಮೆದುಪದರ ಬೇಕಾಗಿರುವುದರಿಂದ ಎರಡೂ ಒಳ್ಳೆಯ ಲಕ್ಷಣವಲ್ಲ. ಅರ್ಧ ಗಂಟೆಯ ಈ ಪರೀಕ್ಷೆ ಹೇಳುವಷ್ಟನ್ನು ದುಬಾರಿ ಉಪಕರಣಗಳೂ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಲೇಪನ ಎಲ್ಲೆಡೆ ಸಮನಾಗಿದೆಯೇ ಎಂದು ನೋಡಲು ಒಂದು ಬಿಲ್ಲೆಯನ್ನು ತ್ಯಾಗ ಮಾಡಬೇಕು. ಪೊನ್ಸೋ ಎಸ್ ಎಂಬ ಋಣಾವೇಶದ ಕೆಂಪು ಬಣ್ಣದ ದ್ರಾವಣದಲ್ಲಿ ಐದು ನಿಮಿಷ ಅದ್ದಿ ತೊಳೆದರೆ ಲೇಪನವಿದ್ದ ಕಡೆ ಕೆಂಪು ಉಳಿಯುತ್ತದೆ. ಬಿಲ್ಲೆಗಳು ಒಂದರ ಮೇಲೊಂದು ಬಿದ್ದಿದ್ದರೆ ಅರ್ಧಚಂದ್ರಾಕಾರದ ಬಿಳಿ ಕಲೆಗಳು ಕಾಣುತ್ತವೆ.

ಹಿಡಿತದ ಪರೀಕ್ಷೆ

ಪಿಎಚ್ 8.0ರ 20 ಮಿಲಿಮೋಲಾರ್ ಟ್ರಿಸ್ ಬಫರ್ ಮತ್ತು ಅದರಲ್ಲಿ ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂ ಬಿಎಸ್‌ಎ ಇರಲಿ. ಬಿಎಸ್‌ಎಯ ಐಸೋಎಲೆಕ್ಟ್ರಿಕ್ ಬಿಂದು, ಅಂದರೆ ಅದರ ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್, ಸುಮಾರು 4.7 ಆದುದರಿಂದ ಪಿಎಚ್ 8ರಲ್ಲಿ ಅದು ಋಣಾವೇಶ ಹೊಂದಿ ಪೊರೆಗೆ ಅಂಟಿಕೊಳ್ಳುತ್ತದೆ. ಬಫರ್ ಮತ್ತು ಪ್ರೋಟೀನ್ ದ್ರಾವಣ ಎರಡನ್ನೂ 0.2 ಮೈಕ್ರೋಮೀಟರ್ ಸೋಸುಪೊರೆಯಲ್ಲಿ ಸೋಸಿ, ಗಾಳಿ ತೆಗೆದಿಟ್ಟುಕೊಳ್ಳಬೇಕು. ರಂಧ್ರದಲ್ಲಿ ಸಿಕ್ಕಿದ ಒಂದು ಗಾಳಿಗುಳ್ಳೆ ಆ ರಂಧ್ರವನ್ನು ಪೂರ್ತಿ ನಿರುಪಯುಕ್ತ ಮಾಡುತ್ತದೆ, ಸಾಮಾನ್ಯ ಒತ್ತಡಕ್ಕೆ ಅದು ಕದಲುವುದೂ ಇಲ್ಲ. ಹಿಡಿಕೆಯ ಬಾಯಿಯನ್ನು ಮೇಲಕ್ಕೆ ಮಾಡಿ, ಕೆಳಗಿನಿಂದ ನಿಧಾನವಾಗಿ ಬಫರ್ ತುಂಬಿ ಗಾಳಿಯನ್ನು ಹೊರಹಾಕುವುದು ಒಳ್ಳೆಯ ಅಭ್ಯಾಸ. ಕೊಂಡುತಂದ ಪೊರೆಗಳಲ್ಲಿ ಕೆಲವನ್ನು ಗ್ಲಿಸರಿನ್ ತುಂಬಿ ಒಣಗಿಸಿರುತ್ತಾರೆ. ಅಂತಹವನ್ನು ಮೊದಲು ಬಫರಿನಿಂದ ಚೆನ್ನಾಗಿ ತೊಳೆಯಬೇಕು.

ಒಂದೇ ಬಿಲ್ಲೆಯಿಂದ ಪರೀಕ್ಷೆ ಮಾಡಬಾರದು. ಯಾವ ಬಿಲ್ಲೆಯಲ್ಲೂ ಕೆಲವು ರಂಧ್ರಗಳು ಹೆಚ್ಚು ಅಗಲವಾಗಿರುತ್ತವೆ. ನಾಲ್ಕನೆಯ ಘಾತದ ನಿಯಮದಂತೆ ಬಹುಪಾಲು ದ್ರವ ಅವುಗಳಲ್ಲೇ ಹರಿದು, ಉಳಿದ ರಂಧ್ರಗಳು ತುಂಬುವ ಮೊದಲೇ ಪ್ರೋಟೀನು ಆಚೆ ಕಾಣಿಸಿಕೊಳ್ಳುತ್ತದೆ. ನಾಲ್ಕು ಬಿಲ್ಲೆಗಳನ್ನು ಜೋಡಿಸಿದರೆ ಒಂದರ ದೋಷವನ್ನು ಇನ್ನೊಂದು ತುಂಬಿಕೊಡುತ್ತದೆ. 25 ಮಿ.ಮೀ. ಹಿಡಿಕೆಯಲ್ಲಿ ದ್ರವ ಹಾಯುವ ಜಾಗ 3.5 ಚದರ ಸೆಂ.ಮೀ., ಬಿಲ್ಲೆಯ ದಪ್ಪ 0.25 ಮಿ.ಮೀ. ಎಂದಾದರೆ ನಾಲ್ಕರ ಒಟ್ಟು ಗಾತ್ರ 0.35 ಮಿ.ಲೀ. ನಿಮಿಷಕ್ಕೆ ಹತ್ತು ಪೊರೆಗಾತ್ರದ ಲೆಕ್ಕದಲ್ಲಿ ಪಂಪಿನ ವೇಗ 3.5 ಮಿ.ಲೀ.

ಮೊದಲು 1 ಮೋಲಾರ್ ಉಪ್ಪು ಸೇರಿದ ಬಫರ್, ಆಮೇಲೆ ಉಪ್ಪಿಲ್ಲದ ಬಫರ್ ಹಾಯಿಸಿ, ಹೊರಬರುವ ದ್ರವದ ಪಿಎಚ್ ಮತ್ತು ವಾಹಕತೆ ಒಳಹೋಗುವ ದ್ರವದ್ದಕ್ಕೆ ಸಮನಾಗುವವರೆಗೆ ಕಾಯಬೇಕು. ನಂತರ ಬಿಎಸ್‌ಎ ದ್ರಾವಣವನ್ನು ಹಾಯಿಸುತ್ತಾ ಹೊರದ್ರವದ 280 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಹೀರುವಿಕೆಯನ್ನು ನೋಡುತ್ತಿರಿ. ಅದು ಒಳದ್ರವದ ಹೀರುವಿಕೆಯ 10 ಪ್ರತಿಶತವನ್ನು ಮುಟ್ಟಿದ ಬಿಂದುವೇ ಲೆಕ್ಕಕ್ಕೆ ಬೇಕಾದದ್ದು. ನಿದರ್ಶನಕ್ಕೆ, ಆ ಬಿಂದು 11.0 ಮಿ.ಲೀ.ಯಲ್ಲಿ ಬಂದಿತೆಂದುಕೊಳ್ಳಿ. ಕೊಳವೆ ಮತ್ತು ಹಿಡಿಕೆಯ ಖಾಲಿ ಜಾಗದ 1.5 ಮಿ.ಲೀ. ಕಳೆದರೆ 9.5 ಮಿ.ಲೀ., ಅಂದರೆ 9.5 ಮಿ.ಗ್ರಾಂ ಪ್ರೋಟೀನು. ಅದನ್ನು 0.35ರಿಂದ ಭಾಗಿಸಿದರೆ ಪ್ರತಿ ಮಿ.ಲೀ. ಪೊರೆಗೆ 27 ಮಿ.ಗ್ರಾಂ. ಸೆಲ್ಯುಲೋಸ್ ಆಧಾರದ ವಾಣಿಜ್ಯ ಕ್ಯೂ ಪೊರೆಗಳೂ ಈ ಆಸುಪಾಸಿನಲ್ಲಿಯೇ ಇರುತ್ತವೆ.

ಖಾಲಿ ಜಾಗವನ್ನು ಅಂದಾಜಿನಿಂದ ಕಳೆಯಬಾರದು. ಅದೇ ಬಿಎಸ್‌ಎ ದ್ರಾವಣಕ್ಕೆ 1 ಮೋಲಾರ್ ಉಪ್ಪು ಸೇರಿಸಿ, ಪೊರೆಯನ್ನೂ ಉಪ್ಪಿನ ಬಫರಿನಿಂದ ತೊಳೆದು ಹಾಯಿಸಿದರೆ ಯಾವುದೂ ಅಂಟಿಕೊಳ್ಳುವುದಿಲ್ಲ, ಅದು ಹೊರಬರುವ ಬಿಂದುವೇ ಖಾಲಿ ಜಾಗದ ಅಳತೆ. ಸಣ್ಣ ಹಿಡಿಕೆಗಳಲ್ಲಿ ಈ ಜಾಗ ಪೊರೆಯ ಗಾತ್ರದ ಹಲವು ಪಟ್ಟು ಇರುವುದರಿಂದ, ಅದನ್ನು ಕಳೆಯದೆ ಕೊಟ್ಟ ಹಿಡಿತದ ಅಂಕಿಗಳನ್ನು ನಂಬಬೇಡಿ.

ಹಿಡಿದದ್ದನ್ನು 1 ಮೋಲಾರ್ ಉಪ್ಪಿನ ಬಫರಿನಿಂದ ಬಿಡಿಸಿ, ಹಾಯ್ದುಹೋದದ್ದು, ತೊಳೆದಾಗ ಬಂದದ್ದು, ಬಿಡಿಸಿದಾಗ ಬಂದದ್ದು ಮೂರನ್ನೂ ಕೂಡಿಸಿ ಹಾಕಿದ ಪ್ರಮಾಣದೊಂದಿಗೆ ತಾಳೆ ನೋಡಬೇಕು. 1 ಮಿ.ಗ್ರಾಂ ಪ್ರತಿ ಮಿ.ಲೀ. ಬಿಎಸ್‌ಎ ದ್ರಾವಣದ ಹೀರುವಿಕೆ 1 ಸೆಂ.ಮೀ. ದಾರಿಯಲ್ಲಿ ಸುಮಾರು 0.66 ಎಂಬುದು ಈ ಲೆಕ್ಕಕ್ಕೆ ಸಾಕು. ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಗದಿದ್ದರೆ ಪ್ರೋಟೀನು ಪೊರೆಯಲ್ಲೇ ಉಳಿದಿದೆ. ಇನ್ನೊಂದು ಪರೀಕ್ಷೆ ಕಣ್ಣಿಗೇ ಕಾಣುವಂತಹದು: ಸೈಟೋಕ್ರೋಮ್ ಸಿ ಕೆಂಪು ಬಣ್ಣದ ಪ್ರೋಟೀನು, ಅದರ ಐಸೋಎಲೆಕ್ಟ್ರಿಕ್ ಬಿಂದು 10ರ ಸುತ್ತ ಇರುವುದರಿಂದ ಪಿಎಚ್ 8ರಲ್ಲಿ ಧನಾವೇಶ ಹೊಂದಿ ಈ ಪೊರೆಯಲ್ಲಿ ನಿಲ್ಲದೆ ಹಾಯಬೇಕು. ಬಿಲ್ಲೆ ಕೆಂಪಾಗಿ ಉಳಿದರೆ ಲೇಪನವಿಲ್ಲದ ಗೋಡೆ ಎಲ್ಲೋ ತೆರೆದಿದೆ ಎಂದರ್ಥ.

ಪ್ರತಿಕಾಯದ ಔಷಧದಲ್ಲಿ ಇದರ ಕೆಲಸ

ಧನಾವೇಶದ ಪೊರೆ ಹೆಚ್ಚು ನೆಲೆಯೂರಿರುವುದು ಮೊನೊಕ್ಲೋನಲ್ ಪ್ರತಿಕಾಯಗಳ, ಅಂದರೆ ಔಷಧವಾಗಿ ಬಳಸುವ ಏಕರೂಪದ ಪ್ರತಿಕಾಯಗಳ, ಕೊನೆಯ ಹಂತದ ಶುದ್ಧೀಕರಣದಲ್ಲಿ. ಅಲ್ಲಿ ಅದನ್ನು ಬಳಸುವ ರೀತಿ ಮೇಲಿನ ಪರೀಕ್ಷೆಗೆ ತಿರುವುಮುರುವು: ಬೇಕಾದದ್ದು ಹಾಯ್ದುಹೋಗುತ್ತದೆ, ಬೇಡದ್ದು ಅಂಟಿಕೊಳ್ಳುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಸೇರಿದಂತೆ ಇಂತಹ ಅನೇಕ ಪ್ರತಿಕಾಯಗಳ ಐಸೋಎಲೆಕ್ಟ್ರಿಕ್ ಬಿಂದು 8ಕ್ಕಿಂತ ಮೇಲಿದೆ. ಪಿಎಚ್ 7ರಿಂದ 7.5ರ ನಡುವೆ ಅವು ಧನಾವೇಶ ಹೊಂದಿ ಪೊರೆಯಿಂದ ದೂರ ಸರಿದು ಹೋಗುತ್ತವೆ. ಅವನ್ನು ತಯಾರಿಸಿದ ಕೋಶಗಳ ಡಿಎನ್‌ಎ, ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷ, ಹಲವು ವೈರಸ್‌ಗಳು, ಕೋಶದ ಆಮ್ಲೀಯ ಪ್ರೋಟೀನುಗಳು ಋಣಾವೇಶದವಾದ್ದರಿಂದ ಹಿಂದೆ ಉಳಿಯುತ್ತವೆ. ಕೋಶದ ಡಿಎನ್‌ಎ ಒಂದು ಡೋಸ್‌ನಲ್ಲಿ 10 ನ್ಯಾನೋಗ್ರಾಂ ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ನೆನೆದರೆ ಈ ಹಂತದ ಹೊಣೆ ಎಷ್ಟೆಂದು ತಿಳಿಯುತ್ತದೆ.

ಕಲ್ಮಶದ ಪ್ರಮಾಣ ಅತಿ ಕಡಿಮೆ ಇರುವುದರಿಂದ ಇಲ್ಲಿ ಪೊರೆಯ ಹಿಡಿತ ಮುಗಿಯುವುದೇ ಅಪರೂಪ; ಒಂದು ಲೀಟರ್ ಪೊರೆಯಿಂದ ಹಲವು ಕಿಲೋಗ್ರಾಂ ಪ್ರತಿಕಾಯವನ್ನು ಹಾಯಿಸುತ್ತಾರೆ. ಇದೇ ಕೆಲಸಕ್ಕೆ ಮಣಿಗಳ ಕಾಲಮ್ ಬಳಸಿದರೆ, ಹಿಡಿತಕ್ಕಾಗಿ ಅಲ್ಲದಿದ್ದರೂ ಹರಿವಿನ ವೇಗಕ್ಕಾಗಿಯೇ ದೊಡ್ಡ ಕಾಲಮ್ ಕಟ್ಟಬೇಕಾಗುತ್ತದೆ. ಪೊರೆ ಗೆಲ್ಲುವುದು ಇಂತಹ ಕಡೆ. ಕೋಶದ ರಸದಿಂದ ಪ್ರತಿಕಾಯವನ್ನು ರಾಶಿರಾಶಿಯಾಗಿ ಹಿಡಿಯುವ ಮೊದಲ ಹಂತದಲ್ಲಿ ಹಾಗೂ ಆವೇಶದಲ್ಲಿ ಕೂದಲೆಳೆಯಷ್ಟು ಭಿನ್ನವಾದ ರೂಪಗಳನ್ನು ಬೇರ್ಪಡಿಸುವಲ್ಲಿ ಮಣಿಗಳೇ ಮೇಲು ಎಂದು ಒಪ್ಪಿಕೊಳ್ಳಬೇಕು.

ಹಾಯಿಸುವ ಮೊದಲು ವಾಹಕತೆಯನ್ನು ನೋಡಿ. ಪ್ರತಿಕಾಯವನ್ನು ಮೊದಲು ಹಿಡಿಯುವ ಪ್ರೋಟೀನ್ ಎ ಹಂತದಿಂದ ಬಂದ ಆಮ್ಲೀಯ ದ್ರಾವಣಕ್ಕೆ ಟ್ರಿಸ್ ಸೇರಿಸಿ ಪಿಎಚ್ ಏರಿಸಿದಾಗ ಉಪ್ಪು ಹೆಚ್ಚುತ್ತದೆ, ಜೊತೆಗೆ ದ್ರಾವಣ ಮಬ್ಬಾಗುವುದೂ ಉಂಟು. ಮಬ್ಬನ್ನು ಸೋಸಿ ತೆಗೆದು, ಸೆಂಟಿಮೀಟರಿಗೆ 5 ಮಿಲಿಸೀಮೆನ್ಸ್ ಆಸುಪಾಸಿಗೆ ಬರುವಂತೆ ದುರ್ಬಲಗೊಳಿಸಿದರೆ ಸಾಮಾನ್ಯ ಕ್ಯೂ ಪೊರೆ ನೆಮ್ಮದಿಯಾಗಿ ಕೆಲಸ ಮಾಡುತ್ತದೆ. ಪ್ರಾಥಮಿಕ ಅಮೀನ್ ಹೆಚ್ಚಿರುವ ಲೇಪನಗಳು 150 ಮಿಲಿಮೋಲಾರ್ ಉಪ್ಪಿನಲ್ಲಿಯೂ ಡಿಎನ್‌ಎ ಮತ್ತು ವೈರಸನ್ನು ಹಿಡಿಯಬಲ್ಲವು, ಅದು ಅವುಗಳ ದೊಡ್ಡ ಗುಣ. ಆದರೆ ಫಾಸ್ಫೇಟ್ ಮತ್ತು ಸಿಟ್ರೇಟ್ ಬಫರುಗಳಲ್ಲಿ ಈ ಗುಣ ಕುಂದುತ್ತದೆ, ಏಕೆಂದರೆ ಹೆಚ್ಚು ಋಣಾವೇಶದ ಆ ಅಯಾನುಗಳೇ ಹೋಗಿ ಅಮೀನಿನ ಮೇಲೆ ಕೂರುತ್ತವೆ. ಟ್ರಿಸ್ ಅಥವಾ ಅಸಿಟೇಟ್ ಬಳಸುವುದು ಕ್ಷೇಮ. ಎಂಡೋಟಾಕ್ಸಿನ್ ವಿಷಯದಲ್ಲಿ ಇನ್ನೊಂದು ತೊಡಕಿದೆ: ಪ್ರತಿಕಾಯ ತೀರಾ ಧನಾವೇಶದ್ದಾದರೆ ಎಂಡೋಟಾಕ್ಸಿನ್ ಪೊರೆಯನ್ನು ಬಿಟ್ಟು ಅದಕ್ಕೇ ಅಂಟಿಕೊಂಡು ಹೊರಗೆ ಹೋಗುತ್ತದೆ. ಆಗ ಪಿಎಚ್ ಅನ್ನು ಸ್ವಲ್ಪ ಏರಿಸಿ ನೋಡಬೇಕು.

ಒತ್ತಡ ಏರಿದಾಗ

ಕೆಲಸದ ನಡುವೆ ಒತ್ತಡ ಏರುವುದು ಎಲ್ಲರಿಗೂ ಎದುರಾಗುವ ತೊಂದರೆ. ಕೊಳೆ ಕಟ್ಟಿಕೊಂಡಿತು ಎಂದು ತಕ್ಷಣ ತೀರ್ಮಾನಿಸಬಾರದು. ಉಪ್ಪಿನಿಂದ ಉಪ್ಪಿಲ್ಲದ ಬಫರಿಗೆ ಬದಲಿಸಿದ ಕೂಡಲೇ ಏರಿ, ಒಂದು ಮಟ್ಟದಲ್ಲಿ ನಿಂತರೆ ಅದು ಲೇಪನ ಉಬ್ಬಿದ್ದು. ಏನೂ ಮಾಡಬೇಕಾಗಿಲ್ಲ, ವೇಗ ತಗ್ಗಿಸಿದರೆ ಸಾಕು. ಪ್ರೋಟೀನು ಹಾಕುತ್ತಿರುವಾಗ ನಿಧಾನವಾಗಿ ಏರಿ, ಉಪ್ಪಿನಿಂದ ಬಿಡಿಸಿದಾಗ ಮೊದಲಿನ ಮಟ್ಟಕ್ಕೆ ಇಳಿದರೆ ಅದು ಪದರದಲ್ಲಿ ಪ್ರೋಟೀನು ಕೂತದ್ದು. ಉಪ್ಪಿಗೂ ಇಳಿಯದೆ ಪ್ರತಿ ಸಲ ಇನ್ನಷ್ಟು ಏರುತ್ತಾ ಹೋದರೆ ಮಾತ್ರ ನಿಜವಾದ ಕೊಳೆ, ಬಹುಮಟ್ಟಿಗೆ ಮೊದಲೇ ಸೋಸದೆ ಬಿಟ್ಟ ಕಣಗಳದ್ದು ಅಥವಾ ಡಿಎನ್‌ಎಯದ್ದು. ಕವಲೊಡೆದ ಅಮೀನ್ ಪಾಲಿಮರಿನಿಂದ ಡಿಎನ್‌ಎಯನ್ನು 1 ಮೋಲಾರ್ ಉಪ್ಪು ಪೂರ್ತಿ ಬಿಡಿಸಲಾರದು. 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ಅರ್ಧ ಗಂಟೆ ನಿಧಾನವಾಗಿ ಹಾಯಿಸಿ, ನಂತರ ಉಪ್ಪು, ಬಫರ್ ಎಂಬ ಕ್ರಮದಲ್ಲಿ ತೊಳೆಯಿರಿ. ಔಷಧ ಕಾರ್ಖಾನೆಗಳಲ್ಲಿ ಈ ಗೋಜೇ ಬೇಡವೆಂದು ಒಮ್ಮೆ ಬಳಸಿ ಎಸೆಯುವ ಕವಚದಲ್ಲೇ ಪೊರೆಯನ್ನು ಕೊಳ್ಳುತ್ತಾರೆ, ತೊಳೆದದ್ದು ಸ್ವಚ್ಛವಾಯಿತೆಂದು ದಾಖಲೆಯಲ್ಲಿ ಸಾಬೀತು ಮಾಡುವ ಖರ್ಚು ಹೊಸ ಪೊರೆಯ ಬೆಲೆಗಿಂತ ಹೆಚ್ಚಾಗಬಹುದು.

ಪ್ರಯೋಗಾಲಯದಲ್ಲಿ ಮರುಬಳಕೆ ಮಾಡುವವರು ಬಿಲ್ಲೆಗಳನ್ನು ಎಂದೂ ಒಣಗಲು ಬಿಡಬಾರದು. ಕುಸಿದ ಪದರ ಮತ್ತೆ ಮೊದಲಿನಂತೆ ಉಬ್ಬುವ ಭರವಸೆಯಿಲ್ಲ. 20 ಪ್ರತಿಶತ ಎಥನಾಲ್‌ನಲ್ಲಿ ಮುಳುಗಿಸಿ, ತಯಾರಿಸಿದ ದಿನಾಂಕ, ಪಾಲಿಮರಿನ ಪ್ರಮಾಣ, ಮೊದಲ ದಿನದ ನೀರಿನ ಹರಿವು ಮತ್ತು ಉಷ್ಣತೆಯನ್ನು ಡಬ್ಬಿಯ ಮೇಲೆಯೇ ಬರೆದು ತಂಪಿನಲ್ಲಿಡಿ. ಮುಂದಿನ ಸಲ ಎಥನಾಲನ್ನು ತೊಳೆದು ಹರಿವನ್ನು ಅದೇ ಉಷ್ಣತೆಯಲ್ಲಿ ಮತ್ತೆ ಅಳೆಯಿರಿ. ಅದು ಬರೆದ ಅಂಕಿಗಿಂತ 20 ಪ್ರತಿಶತಕ್ಕೂ ಮೀರಿ ಇಳಿದಿದ್ದರೆ ಆ ಬಿಲ್ಲೆಯನ್ನು ಬಣ್ಣದ ಪರೀಕ್ಷೆಗೆ ತೆಗೆದಿಟ್ಟು, ಹೊಸದನ್ನು ಹಾಕಿಕೊಳ್ಳಿ.